ಸಮುದ್ರದಿಂದ ಎದ್ದ ದಿನವೇ ಘಟ್ಟ ಹತ್ತಬಹುದೇ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಮಳೆಗಾಲ ಮುಗಿದು ಅಕ್ಟೋಬರ್ ಹಿಡಿಯುತ್ತಿದ್ದಂತೆ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್ ದೋಣಿಗಳು ಹೊರಡಲು ಶುರುವಾಗುತ್ತವೆ. ಈ ಬಗ್ಗೆ ಬಂದ ಪತ್ರಗಳಲ್ಲಿ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳವೇ ಹೆಚ್ಚು. ನಮ್ಮ ಬಯಲುಸೀಮೆಯವರು ಕೇಳಲೇಬೇಕಾದ, ಆದರೆ ಸಾಮಾನ್ಯವಾಗಿ ಯಾರೂ ಕೇಳದ ಪ್ರಶ್ನೆಯೊಂದು ಮೊದಲ ಪತ್ರದಲ್ಲಿರುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ನಾವು ಕೆಲವು ಸಹೋದ್ಯೋಗಿಗಳು ಟೆಂಪೊ ಟ್ರಾವೆಲರ್ ಮಾಡಿಕೊಂಡು ಶನಿವಾರ ಸಂಜೆ ತುಮಕೂರು ಬಿಟ್ಟು, ಭಾನುವಾರ ಬೆಳಿಗ್ಗೆ ನೇತ್ರಾಣಿಯಲ್ಲಿ ಎರಡು ಡೈವ್ ಮಾಡಿ, ಮಧ್ಯಾಹ್ನ ಊಟ ಮುಗಿಸಿ ಹೊರಟು ಸೋಮವಾರ ಕಾಲೇಜಿಗೆ ಹಾಜರಾಗಬೇಕೆಂದಿದ್ದೇವೆ. ಡೈವ್ ಮಾಡಿದ ಮೇಲೆ ವಿಮಾನ ಹತ್ತಬಾರದು ಎನ್ನುತ್ತಾರೆ. ನಾವು ಹೋಗಿ ಬರುವುದು ರಸ್ತೆಯಲ್ಲಾದ್ದರಿಂದ ಆ ನಿಯಮ ನಮಗೆ ಅನ್ವಯಿಸುವುದಿಲ್ಲ ಅಲ್ಲವೇ?
(ಉಪನ್ಯಾಸಕರು, ತುಮಕೂರು)

ಉತ್ತರ: ಅನ್ವಯಿಸುತ್ತದೆ. ನಿಯಮ ಇರುವುದು ವಿಮಾನದ ಬಗ್ಗೆಯಲ್ಲ, ಎತ್ತರದ ಬಗ್ಗೆ. ಮುರುಡೇಶ್ವರ ಸಮುದ್ರಮಟ್ಟದಲ್ಲಿದೆ, ತುಮಕೂರು 800 ಮೀಟರಿಗೂ ಮೇಲಿದೆ. ಕೋಲಾರವೂ ಅಷ್ಟೇ, ಚಿಕ್ಕಬಳ್ಳಾಪುರ ಇನ್ನೂ ಸ್ವಲ್ಪ ಮೇಲೆ. ಡೈವ್ ಮಾಡಿದವರು ನಿಗದಿತ ಸಮಯ ಕಳೆಯುವ ಮೊದಲು ಸುಮಾರು 600 ಮೀಟರಿಗಿಂತ ಮೇಲೆ ಹೋಗಬಾರದು ಎಂಬುದು ಡೈವಿಂಗ್ ವೈದ್ಯಕೀಯ ಬಲ್ಲವರ ಸಲಹೆ. ಅಂದರೆ ನಮ್ಮ ಮೂರೂ ಜಿಲ್ಲೆಗಳವರಿಗೆ ಮನೆಗೆ ಮರಳುವುದೇ ಒಂದು ಏರುವಿಕೆ.

ಇದರ ಕಾರಣವನ್ನು ತಿಳಿದುಕೊಂಡರೆ ನಿಯಮ ಪಾಲಿಸುವುದು ಹೊರೆ ಎನಿಸುವುದಿಲ್ಲ. ಡೈವರ್ ಬೆನ್ನಿಗೆ ಕಟ್ಟಿಕೊಳ್ಳುವ ಸಿಲಿಂಡರಿನಲ್ಲಿ ಇರುವುದು ಬರಿಯ ಆಮ್ಲಜನಕವಲ್ಲ; ನಾವು ನೆಲದ ಮೇಲೆ ಉಸಿರಾಡುವ ಗಾಳಿಯನ್ನೇ ಸೋಸಿ, ಸುಮಾರು 200 ಬಾರ್ ಒತ್ತಡಕ್ಕೆ, ಅಂದರೆ ನೆಲದ ಮೇಲಿನ ಗಾಳಿಯ ಸುಮಾರು 200 ಪಟ್ಟು ಒತ್ತಡಕ್ಕೆ, ತುಂಬಿರುತ್ತಾರೆ. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಸಾರಜನಕ. ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಂತೆಲ್ಲ ನಮ್ಮ ಮೇಲಿನ ಒತ್ತಡ ಒಂದು ವಾಯುಮಂಡಲದಷ್ಟು ಹೆಚ್ಚುತ್ತದೆ, ಒತ್ತಡ ಹೆಚ್ಚಿದಂತೆ ಸಾರಜನಕ ರಕ್ತದಲ್ಲಿ, ಕೊಬ್ಬಿನಲ್ಲಿ, ಕೀಲುಗಳಲ್ಲಿ, ನರಗಳಲ್ಲಿ ಕರಗಿ ಸೇರುತ್ತಾ ಹೋಗುತ್ತದೆ. ನಿಧಾನವಾಗಿ ಮೇಲೆ ಬಂದರೆ ಅದು ಶ್ವಾಸಕೋಶದ ಮೂಲಕ ಸದ್ದಿಲ್ಲದೆ ಹೊರಹೋಗುತ್ತದೆ. ಒತ್ತಡ ಥಟ್ಟನೆ ಇಳಿದರೆ, ಗೋಲಿ ಸೋಡಾದ ಗೋಲಿ ಒತ್ತಿದಾಗ ಆಗುವಂತೆ, ಕರಗಿದ್ದ ಅನಿಲ ದೇಹದೊಳಗೇ ಗುಳ್ಳೆಗಟ್ಟುತ್ತದೆ. ನೀರಿನಿಂದ ಎದ್ದ ಮೇಲೂ ಈ ಸಾರಜನಕ ಪೂರ್ತಿ ಹೋಗಿರುವುದಿಲ್ಲ, ಹಲವು ಗಂಟೆ ಉಳಿದಿರುತ್ತದೆ. ಆ ಹೊತ್ತಿನಲ್ಲಿ ಘಟ್ಟ ಹತ್ತಿದರೆ ಸುತ್ತಲಿನ ಗಾಳಿಯ ಒತ್ತಡ ಮತ್ತೂ ಕಡಿಮೆಯಾಗಿ, ಸುಮ್ಮನೆ ಹೊರಹೋಗಬೇಕಾದದ್ದು ಗುಳ್ಳೆಯಾಗುವ ಸಂಭವವಿದೆ.

ಈ ಗುಳ್ಳೆಗಳಿಂದ ಬರುವ ಕಾಯಿಲೆಯನ್ನು (ಡಿಕಂಪ್ರೆಷನ್ ಸಿಕ್‌ನೆಸ್) ಜಗತ್ತು ಮೊದಲು ಕಂಡದ್ದು ಡೈವರುಗಳಲ್ಲಲ್ಲ, ಕೂಲಿಗಳಲ್ಲಿ. 1870ರ ದಶಕದಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಅಡಿಪಾಯಕ್ಕಾಗಿ ನದಿಯ ತಳದಲ್ಲಿ, ಒತ್ತಡದ ಗಾಳಿ ತುಂಬಿದ ಕೋಣೆಗಳೊಳಗೆ ಅಗೆಯುತ್ತಿದ್ದವರು ಮೇಲೆ ಬಂದ ಕೂಡಲೇ ಕೀಲುನೋವಿನಿಂದ ನರಳಿದರು, ಕೆಲವರು ಸತ್ತರು. ಸೇತುವೆಯ ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಕೂಡ ಇದರಿಂದ ಹಾಸಿಗೆ ಹಿಡಿದರು. ಬ್ರಿಟನ್ನಿನ ಶರೀರವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ ಮೇಕೆಗಳನ್ನು ಒತ್ತಡದ ಕೋಣೆಯಲ್ಲಿಟ್ಟು ಪ್ರಯೋಗ ಮಾಡಿ, ಹಂತಹಂತವಾಗಿ ಮೇಲೇರುವ ಕೋಷ್ಟಕಗಳನ್ನು ಸಹೋದ್ಯೋಗಿಗಳೊಂದಿಗೆ 1908ರಲ್ಲಿ ಪ್ರಕಟಿಸಿದ ಮೇಲೆಯೇ ಇದಕ್ಕೊಂದು ಲೆಕ್ಕ ಸಿಕ್ಕಿದ್ದು. ಇಂದು ಡೈವರಿನ ಮಣಿಕಟ್ಟಿನ ಮೇಲಿರುವ ಪುಟ್ಟ ಕಂಪ್ಯೂಟರ್ ಹಾಕುವ ಲೆಕ್ಕದ ಬೇರೂ ಅಲ್ಲಿಯದೇ.

ಈಗ ನಿಮ್ಮ ಪ್ರವಾಸಕ್ಕೆ ಬರೋಣ. ಒಂದೇ ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚು ಅಥವಾ ಹಲವು ದಿನ ಮಾಡಿದ್ದರೆ ಕನಿಷ್ಠ 18 ಗಂಟೆ ಕಾಯಬೇಕೆಂಬುದು ವಿಮಾನಯಾನಕ್ಕೂ ಎತ್ತರದ ಊರುಗಳಿಗೂ ಇರುವ ಸಾಮಾನ್ಯ ಸಲಹೆ. ಭಾನುವಾರ ಬೆಳಿಗ್ಗೆ 11ಕ್ಕೆ ಎರಡನೆಯ ಡೈವ್ ಮುಗಿದರೆ 18 ಗಂಟೆ ಆಗುವುದು ಸೋಮವಾರ ಬೆಳಗಿನ ಜಾವ 5ಕ್ಕೆ. ನೀವು ಹೇಳುವ ವೇಳಾಪಟ್ಟಿಯಲ್ಲಿ ಊಟ ಮುಗಿಸಿ ಹೊರಟ ಎರಡು ಗಂಟೆಯ ಆಚೀಚೆ ಗೇರುಸೊಪ್ಪೆ ಘಟ್ಟದ ತಿರುವುಗಳಲ್ಲಿರುತ್ತೀರಿ. ಸಾಗರ, ಶಿವಮೊಗ್ಗದವರೆಗೆ ಎತ್ತರ 600 ಮೀಟರಿನ ಆಸುಪಾಸಿನಲ್ಲೇ ಇರುತ್ತದೆ. ತರೀಕೆರೆ ದಾಟಿ ಕಡೂರು, ಅರಸೀಕೆರೆ, ತಿಪಟೂರು ಎಂದು ಬಂದಂತೆ ಮೇಲಕ್ಕೇ ಏರುತ್ತದೆ. ಗಾಡಿಯಲ್ಲಿ ನಿದ್ದೆ ಮಾಡುತ್ತಿರುವವರಿಗೆ ಇದು ಗೊತ್ತೇ ಆಗುವುದಿಲ್ಲ.

ಅಪಾಯವನ್ನು ಉಬ್ಬಿಸಿ ಹೇಳುವುದೂ ಸರಿಯಲ್ಲ. ತರಬೇತಿಯಿಲ್ಲದವರನ್ನು 12 ಮೀಟರಿಗಿಂತ ಕೆಳಗೆ ಕರೆದೊಯ್ಯುವುದಿಲ್ಲ, ಅಷ್ಟು ಆಳದಲ್ಲಿ ಅರ್ಧ ಗಂಟೆಯೊಳಗೆ ಸೇರುವ ಸಾರಜನಕ ಕಡಿಮೆಯೇ. ವಿಮಾನದೊಳಗಿನ ಒತ್ತಡ 1,800ರಿಂದ 2,400 ಮೀಟರ್ ಎತ್ತರಕ್ಕೆ ಸಮನಾಗಿದ್ದರೆ, ತುಮಕೂರಿನದು ಅದರ ಅರ್ಧದಷ್ಟೂ ಅಲ್ಲ. ಆದರೂ ಬೆನ್ನುಹುರಿಯಲ್ಲಿ ಒಂದು ಗುಳ್ಳೆ ಕುಳಿತರೆ ಕಾಲಿನ ಸ್ವಾಧೀನವೇ ತಪ್ಪಬಹುದು, ಅದನ್ನು ತಪ್ಪಿಸಲು ಬೇಕಾಗಿರುವುದು ಒಂದು ರಾತ್ರಿಯ ಕೋಣೆಬಾಡಿಗೆ ಮತ್ತು ಸೋಮವಾರದ ಒಂದು ಸಾಂದರ್ಭಿಕ ರಜೆ. ಶುಕ್ರವಾರ ರಾತ್ರಿ ಹೊರಟು, ಶನಿವಾರ ಡೈವ್ ಮಾಡಿ, ರಾತ್ರಿ ಅಲ್ಲೇ ಉಳಿದು, ಭಾನುವಾರ ತಿಂಡಿ ತಿಂದು ಹೊರಟರೆ ರಜೆಯೂ ಬೇಕಿಲ್ಲ. ಆ ಸಂಜೆ ಮದ್ಯ ಬೇಡ, ನೀರು ಚೆನ್ನಾಗಿ ಕುಡಿಯಿರಿ, ಗುಡ್ಡದ ಮೇಲಿನ ದೇವಸ್ಥಾನಗಳನ್ನೆಲ್ಲ ಮರುದಿನಕ್ಕೆ ಇಟ್ಟುಕೊಳ್ಳಿ. ದೋಣಿಯ ಮೇಲೆ ಯಾರೂ ಈ ಮಾತು ಎತ್ತದೆ ಹೋಗಬಹುದು. ಕರಾವಳಿಯಲ್ಲೇ ವಾಸಿಸುವವರಿಗೆ ಇದು ದಿನನಿತ್ಯದ ಚಿಂತೆಯಲ್ಲ. ನೀವೇ ನೆನಪಿಟ್ಟುಕೊಳ್ಳಬೇಕು.

ಇನ್ನೊಂದು ಮಾತು. ಮನೆ ಸೇರಿದ ಮೇಲೆ ಭುಜ ಅಥವಾ ಮೊಣಕೈಯಲ್ಲಿ ಆಳವಾದ ನೋವು, ಕೈಕಾಲು ಜೋಮು, ಚರ್ಮದ ಮೇಲೆ ತುರಿಕೆಯ ಕಲೆಗಳು, ತಲೆಸುತ್ತು, ಅಸಹಜ ಆಯಾಸ, ನಡೆಯಲು ಅಥವಾ ಮೂತ್ರ ಮಾಡಲು ತೊಂದರೆ ಕಂಡರೆ ಪ್ರಯಾಣದ ಸುಸ್ತು ಎಂದು ನೋವುನಿವಾರಕ ನುಂಗಿ ಮಲಗಬೇಡಿ. ಲಕ್ಷಣಗಳು ಬಹುತೇಕ ಮೊದಲ 6 ಗಂಟೆಗಳಲ್ಲಿ, ಕೆಲವೊಮ್ಮೆ 24 ಗಂಟೆಯವರೆಗೂ ಕಾಣಿಸಿಕೊಳ್ಳುತ್ತವೆ. ನಮ್ಮ ಕಡೆಯ ವೈದ್ಯರು ಇಂಥ ರೋಗಿಯನ್ನು ಒಮ್ಮೆಯೂ ನೋಡಿರದಿರುವುದು ಸಹಜ. ಆದ್ದರಿಂದ ಎಷ್ಟು ಆಳಕ್ಕೆ, ಎಷ್ಟು ನಿಮಿಷ, ಯಾವ ಹೊತ್ತಿಗೆ ಡೈವ್ ಮಾಡಿದಿರಿ ಎಂಬುದನ್ನು ನೀವೇ ಮೊದಲು ಹೇಳಿ. ರೋಗಿಯನ್ನು ಮಲಗಿಸಿ ಮಾಸ್ಕ್ ಮೂಲಕ ಶುದ್ಧ ಆಮ್ಲಜನಕ ಕೊಡುವುದು ಪ್ರಥಮ ಚಿಕಿತ್ಸೆ. ನಿಜವಾದ ಚಿಕಿತ್ಸೆ ನಡೆಯುವುದು ಹೆಚ್ಚಿನ ಒತ್ತಡದಲ್ಲಿ ಆಮ್ಲಜನಕ ಕೊಡುವ ಹೈಪರ್‌ಬೇರಿಕ್ ಕೋಣೆಯಲ್ಲಿ, ಅದು ಬೆಂಗಳೂರಿನ ಕೆಲವು ಆಸ್ಪತ್ರೆಗಳಲ್ಲಿದೆ. ತುರ್ತು ರೋಗಿಗಳನ್ನು ಎಲ್ಲಿ ಸೇರಿಸಿಕೊಳ್ಳುತ್ತಾರೆ ಎಂಬುದನ್ನು ಪ್ರವಾಸಕ್ಕೆ ಮೊದಲೇ ಫೋನ್ ಮಾಡಿ ಕೇಳಿಟ್ಟುಕೊಂಡಿರಿ.

ಪ್ರಶ್ನೆ: ನನ್ನ ಮಗನಿಗೆ 19 ವರ್ಷ. ನಮ್ಮ ತೋಟದ ಬಾವಿಯಲ್ಲಿ ಈಜು ಕಲಿತವನು. ಈಗ ಗೆಳೆಯರೊಂದಿಗೆ ಹಳೆಯ ಕಲ್ಲು ಕ್ವಾರಿಯ ನೀರಿನಲ್ಲಿ ಯಾರು ಹೆಚ್ಚು ಹೊತ್ತು ಮುಳುಗಿರುತ್ತಾರೆ ಎಂದು ಪಂದ್ಯ ಕಟ್ಟುತ್ತಾನೆ. ಪಂಕ್ಚರ್ ಅಂಗಡಿಯ ಕಂಪ್ರೆಸರಿಗೆ ಪೈಪು ಜೋಡಿಸಿ ತಳದವರೆಗೆ ಹೋಗುವ ಯೋಚನೆಯೂ ಇದೆಯಂತೆ. ಆಮೇಲೆ ಸ್ಕೂಬಾ ಕಲಿಯುತ್ತೇನೆ ಎನ್ನುತ್ತಾನೆ. ಹೆದರಿಕೆಯಾಗುತ್ತದೆ, ಬೇಡ ಎನ್ನಲು ಕಾರಣ ಕೊಡಲು ಗೊತ್ತಾಗುತ್ತಿಲ್ಲ.
(ಒಬ್ಬ ತಾಯಿ, ಚಿಂತಾಮಣಿ)

ಉತ್ತರ: ತಾಯಿ, ನಿಮ್ಮ ಹೆದರಿಕೆ ಸರಿಯಾದದ್ದೇ. ಈ ಉತ್ತರವನ್ನು ಮಗನ ಕೈಗೇ ಕೊಡಿ.

ಉಸಿರು ಬಿಗಿಹಿಡಿದಾಗ ಎದೆಯೊಳಗೆ ಕುದಿಯುವಂಥ ಒತ್ತಾಯ ಹುಟ್ಟುವುದು ಆಮ್ಲಜನಕ ಮುಗಿದದ್ದರಿಂದಲ್ಲ, ಇಂಗಾಲದ ಡೈಆಕ್ಸೈಡ್ ಹೆಚ್ಚಿದ್ದರಿಂದ. ಪಂದ್ಯ ಕಟ್ಟುವ ಹುಡುಗರು ಮುಳುಗುವ ಮೊದಲು ಜೋರಾಗಿ, ಬೇಗಬೇಗ ಹತ್ತಾರು ಬಾರಿ ಉಸಿರೆಳೆದು ಬಿಡುತ್ತಾರೆ. ಇದರಿಂದ ರಕ್ತದಲ್ಲಿ ಆಮ್ಲಜನಕವೇನೂ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ, ಇಂಗಾಲದ ಡೈಆಕ್ಸೈಡ್ ಮಾತ್ರ ತೊಳೆದುಹೋಗುತ್ತದೆ. ಎಚ್ಚರಿಕೆಯ ಗಂಟೆಯೇ ತಡವಾಗಿ ಹೊಡೆಯುತ್ತದೆ. ಅದು ಹೊಡೆಯುವುದರೊಳಗೆ ಆಮ್ಲಜನಕ ತೀರಿ ಹುಡುಗ ಪ್ರಜ್ಞೆ ತಪ್ಪುತ್ತಾನೆ. ಒದ್ದಾಟವಿಲ್ಲ, ಕೂಗಿಲ್ಲ. ಬಹಳ ಸಲ ಇದು ಮೇಲೆ ಬರುತ್ತಿರುವಾಗ, ಇನ್ನೇನು ತಲೆ ಹೊರಬರಬೇಕು ಎನ್ನುವಲ್ಲಿ ಆಗುತ್ತದೆ. ದಡದಲ್ಲಿದ್ದವರು ಗೆಳೆಯ ಇನ್ನೂ ಪಂದ್ಯದಲ್ಲಿದ್ದಾನೆ ಎಂದುಕೊಂಡು ಎಣಿಸುತ್ತಲೇ ಇರುತ್ತಾರೆ. ಚೆನ್ನಾಗಿ ಈಜು ಬಲ್ಲವರೇ ಹೀಗೆ ಸಾಯುತ್ತಾರೆ ಎಂಬುದನ್ನು ಅವನು ತಿಳಿಯಬೇಕು.

ಕಂಪ್ರೆಸರಿನ ಯೋಚನೆಯಂತೂ ಖಂಡಿತ ಬೇಡ. ಟೈರಿಗೆ ಗಾಳಿ ತುಂಬುವ ಯಂತ್ರದ ಗಾಳಿಯಲ್ಲಿ ಎಣ್ಣೆಯ ಹಬೆ ಬೆರೆತಿರುತ್ತದೆ, ಪಕ್ಕದಲ್ಲಿ ಡೀಸೆಲ್ ಎಂಜಿನ್ ಓಡುತ್ತಿದ್ದರೆ ಕಾರ್ಬನ್ ಮಾನಾಕ್ಸೈಡ್ ಕೂಡ. ನೆಲದ ಮೇಲೆ ತಲೆನೋವು ತರುವಷ್ಟು ಮಾನಾಕ್ಸೈಡ್ ಆಳದಲ್ಲಿ ಪ್ರಾಣ ತೆಗೆಯಬಲ್ಲದು. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. 10 ಮೀಟರ್ ಆಳದಲ್ಲಿ ಪೈಪಿನಿಂದ ಶ್ವಾಸಕೋಶದ ತುಂಬ ಗಾಳಿ ಎಳೆದುಕೊಂಡವನು, ಬಾವಿಯಲ್ಲಿ ರೂಢಿಯಾದಂತೆ ಬಾಯಿ ಬಿಗಿಹಿಡಿದು ಮೇಲೆ ಬಂದರೆ, ಆ ಗಾಳಿ ಎರಡು ಪಟ್ಟು ಹಿಗ್ಗಿ ಶ್ವಾಸಕೋಶವನ್ನೇ ಹರಿಯುತ್ತದೆ. ಗಾಳಿಯ ಗುಳ್ಳೆ ನೇರ ಮೆದುಳಿಗೆ ಹೋಗಿ ನಿಮಿಷಗಳಲ್ಲಿ ಜೀವ ಹೋಗಬಹುದು. ಇದಕ್ಕೆ ದೊಡ್ಡ ಆಳವೇ ಬೇಕೆಂದಿಲ್ಲ, ಒಂದೂವರೆ ಮೀಟರಿನಿಂದ ಎದ್ದಾಗಲೂ ಆಗಿರುವುದುಂಟು. ಬಾವಿಯ ಈಜಿನಲ್ಲಿ ಉಸಿರು ಹಿಡಿಯುವುದು ಜಾಣತನ, ಸ್ಕೂಬಾದಲ್ಲಿ ಉಸಿರು ಹಿಡಿಯುವುದೇ ಮೊದಲ ಅಪರಾಧ. ನಿಮ್ಮ ಮಗ ಕಲಿಯುವುದಕ್ಕಿಂತ ಹೆಚ್ಚು ಮರೆಯಬೇಕಾದದ್ದಿದೆ, ಅದಕ್ಕೇ ಅವನಿಗೆ ಬೋಧಕರು ಬೇಕು.

ಕ್ವಾರಿಯ ನೀರು ಮೇಲೆ ಬೆಚ್ಚಗಿದ್ದು ಕೆಳಗೆ ಥಂಡಿಯಾಗಿರುತ್ತದೆ. ತಳದಲ್ಲಿ ಕಲ್ಲುಪುಡಿಯ ಕೆಸರು ಎದ್ದರೆ ತನ್ನ ಕೈ ತನಗೆ ಕಾಣುವುದಿಲ್ಲ. ಹರಿದ ಮೀನಿನ ಬಲೆ, ಹಳೆಯ ತಂತಿ ಕಾಲಿಗೆ ಸುತ್ತಿಕೊಳ್ಳುತ್ತವೆ. ನೆಟ್ಟಗೆ ಕಡಿದ ಗೋಡೆಗಳಾದ್ದರಿಂದ ಹತ್ತಿ ಬರಲು ಮೆಟ್ಟಿಲೂ ಇರುವುದಿಲ್ಲ. ತರಬೇತಾದವರು ಕೂಡ 300 ಮೀಟರಿಗಿಂತ ಎತ್ತರದ ಊರಿನ ನೀರಿನಲ್ಲಿ ಡೈವ್ ಮಾಡುವಾಗ ಬೇರೆಯೇ ಲೆಕ್ಕ ಹಾಕಬೇಕು, ಚಿಂತಾಮಣಿ ಇರುವುದು 800 ಮೀಟರಿಗೂ ಮೇಲೆ.

ಎಲ್ಲಿಯಾದರೂ ಯಾರನ್ನಾದರೂ ಹೀಗೆ ನೀರಿನಿಂದ ಎತ್ತುವ ಸಂದರ್ಭ ಬಂದರೆ ಹೊಟ್ಟೆ ಒತ್ತಿ ನೀರು ಕಕ್ಕಿಸುವುದು, ತಲೆಯ ಮೇಲೆ ಹೊತ್ತು ತಿರುಗಿಸುವುದು ಬೇಡ. ಉಸಿರಾಟ ನಿಂತಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಿ, ಆಮೇಲೆ ಎದೆ ಒತ್ತಲು ಶುರುಮಾಡಿ, ಇನ್ನೊಬ್ಬರು 108ಕ್ಕೆ ಕರೆ ಮಾಡಲಿ.

ಮಗನ ಆಸೆಯನ್ನು ಮಾತ್ರ ಚಿವುಟಬೇಡಿ. ಬಾವಿಯಲ್ಲಿ ಈಜಿ ಬೆಳೆದವನಿಗೆ ನೀರಿನ ಭಯವಿಲ್ಲ, ಅದು ಒಳ್ಳೆಯ ಬಂಡವಾಳ. ಓಪನ್ ವಾಟರ್ ಎಂಬ ಮೊದಲ ಹಂತದ ತರಬೇತಿ ಸಾಮಾನ್ಯವಾಗಿ ಮೂರು ನಾಲ್ಕು ದಿನದ್ದು. ಅದು ಮುಗಿದರೆ ಜೊತೆಗಾರನೊಂದಿಗೆ 18 ಮೀಟರಿನವರೆಗೆ ಇಳಿಯುವ ಅರ್ಹತೆ ಸಿಗುತ್ತದೆ.

ಪ್ರಶ್ನೆ: ನನಗೆ 54 ವರ್ಷ. 2001ರಲ್ಲಿ ಚಿನ್ನದ ಗಣಿ ಮುಚ್ಚುವವರೆಗೆ ಭೂಗತ ಕೆಲಸ ಮಾಡಿದ್ದೇನೆ. ಆಗಲೇ ಒಮ್ಮೆ ಕ್ಷಯಕ್ಕೆ ಪೂರ್ಣ ಚಿಕಿತ್ಸೆ ಪಡೆದು ಗುಣವಾಗಿದ್ದೆ. ಈಗ ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತೇನೆ. ಮಗಳು ಅಳಿಯ ಅಂಡಮಾನಿಗೆ ಕರೆದೊಯ್ದು ಡೈವಿಂಗ್ ಮಾಡಿಸುತ್ತೇವೆ ಎನ್ನುತ್ತಿದ್ದಾರೆ. ಅಷ್ಟು ಆಳದ ಗಣಿಗೆ ಇಳಿದವನಿಗೆ 12 ಮೀಟರ್ ನೀರು ಏನು ಮಹಾ ಎನಿಸುತ್ತದೆ.
(ನಿವೃತ್ತ ಕಾರ್ಮಿಕರು, ಕೆ.ಜಿ.ಎಫ್.)

ಉತ್ತರ: ನಿಮ್ಮ ಧೈರ್ಯದ ಬಗ್ಗೆ ನಮಗೆ ಅನುಮಾನವಿಲ್ಲ, ಆದರೆ ಗಣಿಯ ಆಳವೂ ನೀರಿನ ಆಳವೂ ಒಂದೇ ಅಲ್ಲ. ಮೂರು ಕಿಲೋಮೀಟರಿಗೂ ಆಳದ ಗಣಿಯಲ್ಲಿ ಗಾಳಿಯ ಒತ್ತಡ ಎಷ್ಟು ಹೆಚ್ಚುತ್ತದೆಯೋ ಅಷ್ಟು ಒತ್ತಡ ನಾಲ್ಕೈದು ಮೀಟರ್ ನೀರಿನಲ್ಲೇ ಹೆಚ್ಚುತ್ತದೆ.

ನಮ್ಮ ಚಿಂತೆ ನಿಮ್ಮ ಶ್ವಾಸಕೋಶದ್ದು. ಕ್ಷಯ ವಾಸಿಯಾದ ಜಾಗದಲ್ಲಿ ಗಾಯದ ಗುರುತೋ ಪೊಳ್ಳು ಜಾಗವೋ ಉಳಿದಿರಬಹುದು. ಕಲ್ಲಿನ ದೂಳು ಸೇವಿಸಿದ ಶ್ವಾಸಕೋಶದಲ್ಲಿ ಗಟ್ಟಿಯಾದ ಭಾಗಗಳಿರಬಹುದು. ನೆಲದ ಮೇಲೆ ಇವು ತೊಂದರೆ ಕೊಡದಿದ್ದರೂ ನೀರಿನಿಂದ ಮೇಲೇರುವಾಗ ಅಂಥ ಮೂಲೆಯಲ್ಲಿ ಸಿಕ್ಕಿಬಿದ್ದ ಗಾಳಿಗೆ ಹೊರಹೋಗಲು ದಾರಿಯಿಲ್ಲದೆ, ನೀವು ಸರಿಯಾಗಿ ಉಸಿರಾಡುತ್ತಿದ್ದರೂ, ಅದು ಹಿಗ್ಗಿ ಸುತ್ತಲಿನ ಅಂಗಾಂಶವನ್ನು ಹರಿಯಬಹುದು. ಎಕ್ಸ್‌ರೇ ಒಂದೇ ಸಾಲದು, ಸಿ.ಟಿ. ಸ್ಕ್ಯಾನ್ ಮತ್ತು ಉಸಿರಾಟದ ಸಾಮರ್ಥ್ಯದ ಪರೀಕ್ಷೆ ಮಾಡಿಸಿ, ಶ್ವಾಸಕೋಶ ತಜ್ಞರ ಒಪ್ಪಿಗೆಯಿಲ್ಲದೆ ಇಳಿಯಬೇಡಿ. ಬಿ.ಪಿ. ಹತೋಟಿಯಲ್ಲಿದ್ದರೆ ಅದೊಂದೇ ಅಡ್ಡಿಯಾಗಬೇಕಿಲ್ಲ, ಆದರೆ ನೀರಿಗಿಳಿದ ಕೂಡಲೇ ಕೈಕಾಲಿನ ರಕ್ತ ಎದೆಯತ್ತ ಸರಿದು ಹೃದಯಕ್ಕೆ ಹೊರೆ ಹೆಚ್ಚುವುದರಿಂದ ಇ.ಸಿ.ಜಿ. ಹಾಗೂ ಟ್ರೆಡ್‌ಮಿಲ್ ಪರೀಕ್ಷೆ ಅಗತ್ಯ. ನಡುವಯಸ್ಸು ದಾಟಿದ ಡೈವರುಗಳ ಸಾವಿನಲ್ಲಿ ಹೃದಯದ ಕಾರಣ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ.

ದೋಣಿ ಹತ್ತುವ ಮೊದಲು ಆರೋಗ್ಯದ ಪ್ರಶ್ನಾವಳಿ ಕೊಡುತ್ತಾರೆ. ಎಲ್ಲಕ್ಕೂ ಇಲ್ಲ ಎಂದು ಬರೆದುಬಿಡಿ ಎಂದು ಪಕ್ಕದಲ್ಲಿದ್ದವರು ಯಾರಾದರೂ ಹೇಳಿದರೆ ಕೇಳಬೇಡಿ. ಆಸ್ತಮಾ, ಮೂರ್ಛೆರೋಗ, ಕಿವಿಯ ಶಸ್ತ್ರಚಿಕಿತ್ಸೆ, ಮಧುಮೇಹ, ಗರ್ಭ ಯಾವುದನ್ನೂ ಮುಚ್ಚಿಡಬಾರದು. ತಜ್ಞರು ಬೇಡ ಎಂದರೆ ಅಂಡಮಾನಿನ ಹವಳವನ್ನು ನೋಡಲು ಇನ್ನೂ ದಾರಿಯಿದೆ. ಜಾಲಿ ಬಾಯ್ ದ್ವೀಪದಲ್ಲಿ ಗಾಜಿನ ತಳದ ದೋಣಿಗಳಿವೆ, ಮೈ ಒದ್ದೆಯಾಗದೆ ಮೊಮ್ಮಕ್ಕಳೊಂದಿಗೆ ಕುಳಿತು ನೋಡಬಹುದು. ಮಗಳು ಅಳಿಯ ಡೈವ್ ಮಾಡುವುದಾದರೆ, ಈಗ ಶ್ರೀ ವಿಜಯಪುರಂ ಎಂದು ಕರೆಯುವ ಪೋರ್ಟ್ ಬ್ಲೇರಿನಿಂದ ವಿಮಾನ ಹತ್ತುವ ಹಿಂದಿನ ಇಡೀ ದಿನವನ್ನು ನೀರಿಗಿಳಿಯದೆ ಕಳೆಯಲಿ.

ಪ್ರಶ್ನೆ: ಈಜು ಬಾರದು, ಕನ್ನಡಕ ಬೇರೆ. ನಾನು ನೇತ್ರಾಣಿಗೆ ಹೋಗಬಹುದೇ?
(ವಿದ್ಯಾರ್ಥಿನಿ, ಗೌರಿಬಿದನೂರು)

ಉತ್ತರ: ಹೋಗಬಹುದು. ಬೋಧಕರು ಹಿಡಿದುಕೊಂಡೇ ಇಳಿಸುವ ಪರಿಚಯದ ಡೈವಿಗೆ ಈಜು ಕಡ್ಡಾಯವಲ್ಲ. ಆದರೂ ಹೊರಡುವ ಮೊದಲು ಒಂದು ತಿಂಗಳು ಈಜುಕೊಳಕ್ಕೆ ಹೋಗಿ ಮುಖ ನೀರಿನೊಳಗಿಟ್ಟು ಸಮಾಧಾನದಿಂದಿರಲು ಕಲಿಯಿರಿ, ಏಕೆಂದರೆ ನೀರಿನಲ್ಲಿ ಗಾಬರಿಯೇ ಬಹುತೇಕ ಅವಘಡಗಳ ಬೀಜ. ಮುಂದೆ ಪ್ರಮಾಣಪತ್ರ ಬೇಕೆಂದರೆ 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು. ಮೃದುವಾದ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಳ್ಳಬಹುದು, ಪವರ್ ಇರುವ ಮಾಸ್ಕ್ ಇದೆಯೇ ಎಂದು ಕೇಳಲೂಬಹುದು.

ಇಳಿಯುವಾಗ ಕಿವಿ ನೋಯುವ ಮೊದಲೇ, ಪ್ರತಿ ಮೀಟರಿಗೊಮ್ಮೆ ಮೂಗು ಹಿಡಿದು ಮೆಲ್ಲನೆ ಊದಿ. ನೋವಿದ್ದರೆ ಒತ್ತಾಯದಿಂದ ಊದದೆ ಸ್ವಲ್ಪ ಮೇಲೆ ಬನ್ನಿ. ನೆಗಡಿಯಿದ್ದರೆ ಆ ದಿನ ಇಳಿಯಬೇಡಿ. ಫೋಟೊ ತೆಗೆಯುವಾಗ ಹೆಬ್ಬೆರಳು ಎತ್ತಿ ತೋರಿಸಬೇಡಿ, ನೀರಿನೊಳಗೆ ಅದರರ್ಥ ಮೇಲೆ ಹೋಗೋಣ ಎಂದು. ಚೆನ್ನಾಗಿದ್ದೇನೆ ಎನ್ನಲು ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿ ತೋರಿಸಬೇಕು.

ಪ್ರಶ್ನೆ: ಇಂಟರ್‌ನೆಟ್ಟಿನಲ್ಲಿ ಒಬ್ಬರಿಗಿಂತ ಒಬ್ಬರು ಕಡಿಮೆ ದರ ಹೇಳುತ್ತಾರೆ. ನಂಬಬಹುದಾದವರು ಯಾರೆಂದು ಹೊಸಬರು ಗುರುತಿಸುವುದು ಹೇಗೆ?
(ವ್ಯಾಪಾರಿ, ಶಿರಾ)

ಉತ್ತರ: ದರದ ಮೊದಲು ಮೂರು ಪ್ರಶ್ನೆ ಕೇಳಿ: ಬೋಧಕರ ಪ್ರಮಾಣಪತ್ರ ಯಾವ ಸಂಸ್ಥೆಯದು, ಒಬ್ಬ ಬೋಧಕರ ಜೊತೆ ಎಷ್ಟು ಮಂದಿ ಇಳಿಯುತ್ತಾರೆ, ದೋಣಿಯಲ್ಲಿ ಆಮ್ಲಜನಕದ ತುರ್ತು ಕಿಟ್ ಇದೆಯೇ. ಮೊದಲ ಸಲ ಇಳಿಯುವವರಿಗೆ ಒಬ್ಬರಿಗೆ ಒಬ್ಬ ಬೋಧಕರಿರುವುದೇ ಉತ್ತಮ. ಮೂರನೆಯ ಪ್ರಶ್ನೆಗೆ ಮಾತು ತೇಲಿಸಿದರೆ ಅಲ್ಲಿಗೇ ಬಿಡಿ.

ದೋಣಿಯ ಮೇಲೆ ನೀವೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಸಿಲಿಂಡರಿನ ಗಾಳಿಯನ್ನು ಉಸಿರಾಡಲು ಕೊಡುವ ರೆಗ್ಯುಲೇಟರ್ ಬಾಯಲ್ಲಿಟ್ಟುಕೊಂಡು, ಒತ್ತಡದ ಗೇಜನ್ನು ಕಣ್ಣೆದುರು ಹಿಡಿದು, ನಾಲ್ಕೈದು ಬಾರಿ ದೀರ್ಘವಾಗಿ ಉಸಿರೆಳೆಯಿರಿ. ಮುಳ್ಳು 200ರ ಹತ್ತಿರ ಅಲುಗಾಡದೆ ನಿಂತಿರಬೇಕು. ಪ್ರತಿ ಉಸಿರಿಗೂ ಮುಳ್ಳು ಕೆಳಗೆ ಬಿದ್ದು ಮತ್ತೆ ಏರುತ್ತಿದ್ದರೆ ಸಿಲಿಂಡರಿನ ವಾಲ್ವ್ ಪೂರ್ತಿ ತೆರೆದಿಲ್ಲವೆಂದೇ ಅರ್ಥ. ಮೇಲಿದ್ದಾಗ ಸಾಕಾಗುವ ಗಾಳಿ ಆಳದಲ್ಲಿ ಸಾಕಾಗುವುದಿಲ್ಲ. ಗಾಳಿಗೆ ಎಣ್ಣೆಯ ಅಥವಾ ಹೊಗೆಯ ವಾಸನೆಯಿದ್ದರೆ ಆ ಸಿಲಿಂಡರ್ ಬೇಡವೆನ್ನಿ. ಸಂಕೋಚಪಡಬೇಕಾದ ವಿಷಯವಲ್ಲ ಇದು, ಒಳ್ಳೆಯ ಬೋಧಕರು ನೀವು ನೋಡಿದ್ದಕ್ಕೆ ಮೆಚ್ಚುತ್ತಾರೆ. ಮುಳ್ಳು 50 ತಲುಪುವ ಮೊದಲೇ ಮೇಲೆ ಬಂದಿರಬೇಕು. ಬರುವಾಗ ನಿಮಿಷಕ್ಕೆ 9 ಮೀಟರಿಗಿಂತ ಬೇಗ ಬೇಡ, 5 ಮೀಟರಿನಲ್ಲಿ 3 ನಿಮಿಷ ನಿಲ್ಲಿಸಿದರೆ ಅವರು ಕೆಲಸ ಬಲ್ಲವರು.

ಹವಳ ಮುರಿದು ಕೊಡುವವರಿದ್ದರೆ ಅವರಿಂದ ದೂರವಿರಿ, ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಶಿಕ್ಷಾರ್ಹ. ದೋಣಿಯ ಓಲಾಟಕ್ಕೆ ಹೊಟ್ಟೆ ತೊಳಸುವವರು ಬೆಳಿಗ್ಗೆ ಎರಡು ಇಡ್ಲಿಗೇ ನಿಲ್ಲಿಸಲಿ, ಖಾಲಿ ಹೊಟ್ಟೆಯೂ ಬೇಡ. ವಾಂತಿಯ ಮಾತ್ರೆ ಕೆಲವರಿಗೆ ನಿದ್ದೆ ತರುವುದರಿಂದ ಊರಲ್ಲಿರುವಾಗಲೇ ಒಮ್ಮೆ ತೆಗೆದುಕೊಂಡು ನೋಡಿ.

ಕೊನೆಯದಾಗಿ, ಗಾಳಿ ಎದ್ದ ದಿನ ದೋಣಿ ಬಿಡದಿರುವುದು ನಿರ್ವಾಹಕರ ತಪ್ಪಲ್ಲ, ಅದು ಅವರ ಯೋಗ್ಯತೆ. ಅಷ್ಟು ದೂರದಿಂದ ಬಂದಿದ್ದೇವೆ ಎಂದು ಒತ್ತಾಯಿಸಬೇಡಿ. ಸಮುದ್ರ ಕೆಟ್ಟು ಡೈವ್ ರದ್ದಾದರೆ ಹಣ ವಾಪಸೋ ಬೇರೆ ದಿನಾಂಕವೋ ಎಂಬುದನ್ನು ಮುಂಗಡ ಕೊಡುವ ಮೊದಲೇ ಬರೆಸಿಕೊಂಡಿರಿ.